ಮಾಡಿನ ಮೇಲೆ ಮರ ಬಿದ್ದರೆ ಇನ್ಶೂರೆನ್ಸ್ ದುಡ್ಡು ಕೇಳುವುದು ಹೇಗೆ

ಹಲಸಿನ ಕೊಂಬೆ ಮುರಿದು ನಮ್ಮ ಅಡುಗೆಮನೆ ಮಾಡಿನ ಮೇಲೆ ಬಿದ್ದಾಗ ನಾನು ಮೊದಲು ಮಾಡಿದ ಕೆಲಸವೇ ತಪ್ಪು. ಜೋರು ಮಳೆ. ನಾಲ್ಕು ಜನ ಸೇರಿ ಕೊಂಬೆ ಕಡಿದು, ಒಡೆದ ಹೆಂಚನ್ನೆಲ್ಲ ಗುಡಿಸಿ ತೋಟಕ್ಕೆ ಎಸೆದು, ಟಾರ್ಪಾಲ್ ಕಟ್ಟಿ ಚಾ ಕುಡಿದೆವು. ಆಮೇಲೆ ನಷ್ಟ ಲೆಕ್ಕ ಹಾಕಲು ಕಂಪನಿಯ ಕಡೆಯಿಂದ ಬಂದ ಸರ್ವೇಯರ್ "ಬಿದ್ದದ್ದು ಏನು, ಎಲ್ಲಿ?" ಅಂದರೆ ತೋರಿಸಲು ಏನೂ ಇಲ್ಲ! ಪಕ್ಕದ ಮನೆಯ ಹುಡುಗ ಸುಮ್ನೆ ತೆಗೆದಿದ್ದ ಎರಡು ಫೋಟೋ ನಮ್ಮನ್ನು ಉಳಿಸಿತು.

ಹಾಗಾಗಿ ಕತ್ತಿಗಿಂತ ಮೊದಲು ಫೋನ್ ಹಿಡಿಯಿರಿ. ಮರ ಬಿದ್ದ ಹಾಗೇ ಇರುವಾಗ ದೂರದಿಂದ ಒಂದು ಫೋಟೋ, ಮತ್ತೆ ಹೆಂಚಿನ ಅಡಿಯ ಮುರಿದ ಪಕ್ಕಾಸು, ರೀಪು, ಒಳಗಿನಿಂದ ಆಕಾಶ ಕಾಣುವ ಜಾಗ, ನೆನೆದ ಸಾಮಾನು ಎಲ್ಲದರದ್ದೂ. ಆಮೇಲೆ ಟಾರ್ಪಾಲ್ ಕಟ್ಟಲೇಬೇಕು, ಇಲ್ಲವಾದರೆ ನೀವೇ ನಷ್ಟ ಜಾಸ್ತಿ ಮಾಡಿಕೊಂಡಿರಿ ಎಂದು ಕಂಪನಿ ತಕರಾರು ತೆಗೆಯುತ್ತದೆ. ಒಡೆದ ಹೆಂಚು ಮೂಲೆಯಲ್ಲಿ ರಾಶಿ ಇರಲಿ.

"ನಮಗೆಲ್ಲಿಯ ಇನ್ಶೂರೆನ್ಸ್" ಅನ್ನುವವರು ಹೌಸಿಂಗ್ ಲೋನಿನ ಕಾಗದ ಒಮ್ಮೆ ತೆಗೆದು ನೋಡಿ. ಎಷ್ಟೋ ಸಲ ಲೋನಿನ ಜೊತೆಗೇ ಪಾಲಿಸಿ ಮಾಡಿಸಿರುತ್ತಾರೆ, ನಮಗೆ ಗೊತ್ತೇ ಇರುವುದಿಲ್ಲ. 2021ರ ಏಪ್ರಿಲಿನಿಂದ ಇರುವ ಭಾರತ್ ಗೃಹ ರಕ್ಷಾ ಎಂಬ ಮನೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಿರುಗಾಳಿ, ನೆರೆ, ಗುಡ್ಡ ಕುಸಿತ, ಮರ ಬೀಳುವುದು ಎಲ್ಲ ಸೇರುತ್ತದೆ. ಹಳೇ ಮಾಡು ತಾನಾಗಿ ಸೋರಿದರೆ ಸೇರುವುದಿಲ್ಲ. ಸರ್ವೇಯರ್ ಮುಖ್ಯವಾಗಿ ಹುಡುಕುವುದೂ ಇದನ್ನೇ.

ಕಂಪನಿಗೆ ಅದೇ ದಿನ ಫೋನ್ ಮಾಡಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ, ಇಮೇಲ್ ಕೂಡ ಹಾಕಿ. ಸರ್ವೇಯರ್ ಬರುವ ದಿನ ನಿಮ್ಮ ಮರಗೆಲಸದ ಆಚಾರಿಯೂ ಅಲ್ಲಿರಲಿ. ಹೆಂಚು ಎಷ್ಟು, ಮರ ಎಷ್ಟು, ಕೂಲಿ ಎಷ್ಟು ಎಂದು ಆಚಾರಿಯ ಕೈಯಲ್ಲಿ ಬೇರೆ ಬೇರೆ ಬರೆಸಿ. ಒಟ್ಟು ಮೊತ್ತ ಮಾತ್ರ ಬರೆದ ಚೀಟಿಗೆ ಬೆಲೆಯಿಲ್ಲ. ಕಸಕಡ್ಡಿ ಸಾಗಿಸಿದ ಖರ್ಚೂ ಕೇಳಿ, ಗೃಹ ರಕ್ಷಾದಲ್ಲಿ ಅದಕ್ಕೆ ಕ್ಲೇಮಿನ 2 ಶೇಕಡಾದವರೆಗೆ ಸಿಗುತ್ತದೆ.

ಕೇರಳದಲ್ಲಿ ಊರಿನ ಕಂದಾಯ ಕೆಲಸ ನೋಡುವ ವಿಲೇಜ್ ಆಫೀಸಿಗೂ ಒಂದು ಅರ್ಜಿ ಕೊಡಿ. ಸರಕಾರದ ಪರಿಹಾರ ಬೇರೆ, ಇನ್ಶೂರೆನ್ಸ್ ಬೇರೆ, ಆದರೆ ಅಲ್ಲಿಯ ವರದಿ ಇಲ್ಲೂ ಸಾಕ್ಷಿ ಆಗುತ್ತದೆ. ಮಲಯಾಳ ಬರೆಯಲು ಬಾರದಿದ್ದರೆ ಹೆದರಬೇಡಿ, ಕೇರಳದ ಭಾಷಾ ಕಾನೂನಿನಂತೆ ನಮ್ಮ ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ ಅರ್ಜಿ ಕನ್ನಡದಲ್ಲೇ ಕೊಡಬಹುದು.

"ನಾನು ಪಾಸು ಮಾಡಿಸಿ ಕೊಡ್ತೇನೆ, ನನಗೆ ಇಷ್ಟು ಪರ್ಸೆಂಟ್" ಎಂದು ಬರುವವರಿಗೆ ಚಾ ಕೊಟ್ಟು ಕಳಿಸಿ. ಪಾಲಿಸಿ ಮಾಡಿಸಿದ ಏಜೆಂಟರನ್ನೇ ಹಿಡಿಯಿರಿ, ಕಮಿಷನ್ ತಿಂದವರು ಅವರಲ್ವಾ! ಖಾಲಿ ಫಾರ್ಮಿಗೆ ಸಹಿ ಬೇಡ. ಮೊತ್ತ ಕಡಿಮೆ ಅನಿಸಿದರೆ ಸರ್ವೇ ವರದಿಯ ಪ್ರತಿ ಕೇಳಿ, ಒಪ್ಪಿಗೆ ಆಗುವವರೆಗೆ ಇಷ್ಟೇ ಸಾಕು ಎಂದು ಒಪ್ಪಿಕೊಳ್ಳುವ ಫೈನಲ್ ವೋಚರಿಗೆ ಸಹಿ ಹಾಕಬೇಡಿ.

ಸರ್ವೇ ವರದಿಗೆ 15 ದಿನ, ಮತ್ತೆ ತೀರ್ಮಾನಕ್ಕೆ 7 ದಿನ ಎಂದು ನಿಯಮವಿದೆ. ಎಳೆದಾಡಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ IRDAI ನಡೆಸುವ ದೂರು ವ್ಯವಸ್ಥೆ ಬಿಮಾ ಭರೋಸಾಕ್ಕೆ 155255 ನಂಬರಿಗೂ ಫೋನ್ ಮಾಡಬಹುದು. 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಇಂಥ ದೂರು ವಿಚಾರಿಸಿ ತೀರ್ಪು ಕೊಡುವ ಕೊಚ್ಚಿಯ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಬರೆಯಿರಿ. ಫೀಸಿಲ್ಲ, ವಕೀಲರೂ ಬೇಡ. ಉತ್ತರ ಬಂದ ಮೇಲೆ, ಅಥವಾ ಆ 30 ದಿನ ಮುಗಿದ ಮೇಲೆ, ಒಂದು ವರ್ಷದ ಒಳಗೆ ಬರೆಯಬೇಕು, ಮರೆಯಬೇಡಿ.