ಬಾನೆಟ್ ಕೆಳಗಿನ ವೈರ್ ಸಿಕ್ಕು ಬಿಡಿಸುವ ಬಗೆ

ಹಳೆಯ ಕಾರಿನ ಬಾನೆಟ್ ಎತ್ತಿ ನೋಡಿ. ಕಾರ್ಖಾನೆಯಲ್ಲೇ ಹೆಣೆದು ಕೂರಿಸಿದ ವೈರಿಂಗ್ ಜಡೆ ಒಂದಿರುತ್ತದೆ. ಅದರ ಮೇಲೆ ಯಾರೋ ಹಾಕಿಸಿದ ಹಾರ್ನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್), ಈಗ ಇಲ್ಲದ ಫಾಗ್ ಲ್ಯಾಂಪಿನ ವೈರ್, ಎಂದೋ ಕೆಟ್ಟುಹೋದ ಅಲಾರಂ, ಕಿತ್ತುಹಾಕಿದ ಆಂಪ್ಲಿಫೈಯರ್‌ನ ದಪ್ಪ ಕೇಬಲ್. ಕಾರು ಕೈ ಬದಲಾದ ಹಾಗೆಲ್ಲ ವೈರ್ ಸೇರುತ್ತಾ ಹೋಗುತ್ತದೆ. ತೆಗೆಯುವವರು ಮಾತ್ರ ಯಾರೂ ಇರುವುದಿಲ್ಲ.

ಇದನ್ನು ನೋಡಲು ಚೆನ್ನಾಗಿರಲಿ ಅಂತ ಮಾಡುವ ಕೆಲಸ ಅಂದುಕೊಳ್ಳಬೇಡಿ. ಒಂದು ತುದಿ ಬ್ಯಾಟರಿಗೆ ಸೇರಿ, ಇನ್ನೊಂದು ತುದಿ ಬರೀ ಟೇಪ್ ಸುತ್ತಿಕೊಂಡು ನೇತಾಡುತ್ತಿದ್ದರೆ ಅದು ಅಪಾಯ. ಎಂಜಿನ್ ಬಿಸಿಗೆ ಟೇಪಿನ ಗೋಂದು ಕರಗುತ್ತದೆ, ಟೇಪ್ ಬಿಚ್ಚಿಕೊಳ್ಳುತ್ತದೆ, ತಾಮ್ರ ಕಾರಿನ ಲೋಹದ ಬಾಡಿಗೆ ತಾಗುತ್ತದೆ. ನಡುವೆ ಫ್ಯೂಸ್ ಇಲ್ಲದಿದ್ದರೆ ಬ್ಯಾಟರಿಯ ಪೂರ್ತಿ ಶಕ್ತಿ ಆ ವೈರಿನಲ್ಲೇ ಹರಿದು ಬೆಂಕಿ ಹೊತ್ತಿಕೊಳ್ಳಬಹುದು.

ಆದರೆ ಕತ್ತರಿ ಹಿಡಿದು ಬಾನೆಟ್‌ಗೆ ಕೈ ಹಾಕಿದರೆ ಅದಕ್ಕಿಂತ ದೊಡ್ಡ ತೊಂದರೆ. ಸಿಕ್ಕಾದ ಕೂದಲನ್ನು ಬಿಡಿಸುವವರು ತುದಿಯಿಂದ ಶುರು ಮಾಡುತ್ತಾರೆ, ಅಲ್ವಾ? ಇಲ್ಲೂ ಅದೇ ಲೆಕ್ಕ. ಎರಡೂ ತುದಿ ಸಿಗುವವರೆಗೆ ಯಾವ ವೈರನ್ನೂ ಕತ್ತರಿಸಬಾರದು. ಇದನ್ನು ನಾನು ಕಲಿತದ್ದು ಒಂದು ಸಣ್ಣ ವೈರಿನಿಂದ. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಧನ) ಹಿಂದೆ ದಪ್ಪ ಕೇಬಲ್ ಪಕ್ಕದಲ್ಲಿ ಒಂದು ತೆಳ್ಳಗಿನ ವೈರ್ ಇತ್ತು. ಅದು ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪಕ್ಕೆ ಮಾತ್ರ ಹೋಗುತ್ತದೆ, ದೀಪ ಇಲ್ಲದಿದ್ದರೇನು ಅಂತ ತೆಗೆದುಬಿಟ್ಟೆ. ಎರಡೇ ದಿನದಲ್ಲಿ ಬ್ಯಾಟರಿ ಖಾಲಿ. ಬಹಳಷ್ಟು ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್‌ನ ಒಳಗೆ ತಿರುಗುವ ರೋಟರ್‌ಗೆ ಮೊದಲ ಕರೆಂಟ್ ಹೋಗುವುದೇ ಆ ದೀಪದ ಮೂಲಕ. ಆ ಕರೆಂಟ್ ಸಿಗದಿದ್ದರೆ ಆಲ್ಟರ್ನೇಟರ್ ತಿರುಗುತ್ತದೆ, ಚಾರ್ಜ್ ಮಾತ್ರ ಮಾಡುವುದಿಲ್ಲ.

ಮೊದಲ ದಿನ ಪೆನ್ನು, ಕಾಗದ

ಮೊದಲ ದಿನ ಏನನ್ನೂ ಬಿಚ್ಚಬೇಡಿ. ಬಾನೆಟ್ ಒಳಗೆ ಎಲ್ಲ ಕೋನದಿಂದ ಫೋಟೋ ತೆಗೆಯಿರಿ. ಬ್ಯಾಟರಿ ಟರ್ಮಿನಲ್, ಫ್ಯೂಸ್ ಬಾಕ್ಸ್, ರಿಲೇಗಳು, ಬಾಡಿಗೆ ಬೋಲ್ಟ್ ಮಾಡಿದ ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಜಾಗಗಳು ಇವನ್ನೆಲ್ಲ ಹತ್ತಿರದಿಂದ ತೆಗೆಯಿರಿ. ಆಮೇಲೆ ನಿಮ್ಮ ಕಾರಿನ ಮಾಡೆಲ್ ಮತ್ತು ವರ್ಷಕ್ಕೆ ಸರಿಯಾಗಿ ಹೊಂದುವ ವೈರಿಂಗ್ ಡಯಾಗ್ರಂ ಹುಡುಕಿ. ವರ್ಷ ಮುಖ್ಯ. ಒಂದೇ ಹೆಸರಿನ ಕಾರಿನಲ್ಲೂ ವೈರಿಂಗ್ ಬದಲಾಗಿರುತ್ತದೆ.

ಈಗ ಕಾಗದದ ಮೇಲೆ ಪಟ್ಟಿ ಮಾಡಿ. ಕಾರಿನಲ್ಲಿ ಈಗ ಇಲ್ಲದ ಸಾಮಾನು ಯಾವುದು? ಎ.ಸಿ. ಕಂಪ್ರೆಸರ್ ತೆಗೆದಿದ್ದಾರಾ? ಗ್ಯಾಸ್ ಕಿಟ್ ಇತ್ತಾ? ವೈರನ್ನು ನೋಡಿ ಇದು ಬೇಕಾ ಬೇಡವಾ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಇಲ್ಲದ ಸಾಮಾನಿನಿಂದ ಶುರು ಮಾಡಿ ಅದರ ವೈರನ್ನು ಹಿಂಬಾಲಿಸಿದರೆ ಸಿಗುತ್ತದೆ.

ಡಯಾಗ್ರಂನಲ್ಲಿರುವ ಬಣ್ಣದ ಕೋಡ್ ನಂಬಿ, ನೆನಪನ್ನು ನಂಬಬೇಡಿ. ಜರ್ಮನ್ ಕಾರುಗಳಲ್ಲಿ ಕಂದು ವೈರ್ ಅಂದರೆ ಅರ್ತ್. ಲ್ಯೂಕಾಸ್ ಕಂಪನಿಯ ಬಣ್ಣದ ಕ್ರಮ ಬಳಸಿದ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅದೇ ಕಂದು ವೈರ್ ಬ್ಯಾಟರಿಯಿಂದ ನೇರ ಬರುವ ಲೈವ್ (ಕರೆಂಟ್ ಇರುವ ವೈರ್), ಕಪ್ಪು ಅರ್ತ್. ಇದನ್ನು ಅದಲು ಬದಲು ಮಾಡಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಯುರೋಪಿನ ಬಹಳಷ್ಟು ಕಾರುಗಳಲ್ಲಿ ಟರ್ಮಿನಲ್ ಪಕ್ಕ ಅಂಕಿಗಳೂ ಇರುತ್ತವೆ. 30 ಅಂದರೆ ಸದಾ ಲೈವ್, 15 ಅಂದರೆ ಕೀ ತಿರುಗಿಸಿದಾಗ ಲೈವ್, 31 ಅರ್ತ್, 50 ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿಗೆ ಹೋಗುವುದು. ರಿಲೇ ಮೇಲೆ 85, 86 ರಿಲೇಯೊಳಗಿನ ಕಾಯಿಲ್‌ಗೆ, 87 ಹೊರಗೆ ಹೋಗುವ ಸಪ್ಲೈಗೆ. ಈ ಕೆಲವು ಅಂಕಿ ನೆನಪಿದ್ದರೆ ಅರ್ಧ ಕೆಲಸ ಹಗುರ.

ಬ್ಯಾಟರಿ ಬಿಚ್ಚುವುದು

ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿದ ಕೂಡಲೇ ಶಾರ್ಟ್ ಆಗುತ್ತದೆ. ತುಂಬಾ ಹಳೆಯ ಕೆಲವು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಹಾಗಾಗಿ ಯಾವುದು ಬಾಡಿಗೆ ಸೇರಿದೆಯೋ ಅದನ್ನು ಮೊದಲು ಬಿಚ್ಚಬೇಕು ಎಂದು ನೆನಪಿಟ್ಟುಕೊಳ್ಳುವುದೇ ಸರಿ. ಉಂಗುರ, ಕೈಗಡಿಯಾರ ತೆಗೆದಿಡಿ. ಏರ್‌ಬ್ಯಾಗ್ ಇರುವ ಕಾರಾದರೆ ಹಳದಿ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್), ಹಳದಿ ಸ್ಲೀವ್ ಇರುವ ವೈರ್‌ಗಳ ತಂಟೆಗೇ ಹೋಗಬೇಡಿ.

ತುದಿ ಹುಡುಕುವುದು

ಇದೇ ಜಾಸ್ತಿ ಹೊತ್ತು ತಿನ್ನುವ ಕೆಲಸ. ಹಳೆಯ ಟೇಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಬೇಡಿ, ಒಳಗಿನ ವೈರಿಗೆ ಗಾಯವಾಗುತ್ತದೆ. ತುದಿ ಹುಡುಕಿ ಸುತ್ತು ಸುತ್ತಾಗಿ ಬಿಚ್ಚಿ. ಜಡೆಯಿಂದ ಕವಲು ಒಡೆಯುವ ಪ್ರತಿ ಜಾಗದಲ್ಲಿ ಕಾಗದದ ಟೇಪ್ ಅಂಟಿಸಿ, ಅದು ಎಲ್ಲಿಗೆ ಹೋಗುತ್ತದೆ ಎಂದು ಬರೆಯಿರಿ.

ಕಣ್ಣಿಗೆ ಕಾಣದ ಕಡೆ ಮಲ್ಟಿಮೀಟರ್ ಬೇಕು. ಬ್ಯಾಟರಿ ಬಿಚ್ಚಿರುವಾಗ ಕಂಟಿನ್ಯುಟಿಗೆ (ವೈರ್ ನಡುವೆ ತುಂಡಾಗಿಲ್ಲವೇ ಎಂದು ನೋಡುವ ಸೆಟ್ಟಿಂಗ್) ಇಟ್ಟು ಎರಡೂ ತುದಿ ಮುಟ್ಟಿಸಿ, ಬೀಪ್ ಬಂದರೆ ಅದು ಅದೇ ವೈರ್. ಆದರೆ ಎರಡು ತುದಿ ಸಿಕ್ಕಿದ ಮಾತ್ರಕ್ಕೆ ನಡುವೆ ಕವಲು ಇಲ್ಲ ಎಂದಲ್ಲ. ಕಾರ್ಖಾನೆಯ ಜಡೆಯ ಹೊಟ್ಟೆಯಲ್ಲಿ ಒಂದು ವೈರಿನಿಂದ ಮೂರು ನಾಲ್ಕು ವೈರ್ ಒಡೆದಿರುತ್ತವೆ. ಅಲ್ಲಿ ಒಂದನ್ನು ಕತ್ತರಿಸಿದರೆ ಇನ್ನೆಲ್ಲೋ ಇರುವ ದೀಪವೋ ಸೆನ್ಸರೋ ಸಾಯುತ್ತದೆ. ಅದಕ್ಕೇ ಟೇಪ್ ಬಿಚ್ಚಿ ಕಣ್ಣಾರೆ ನೋಡಬೇಕು ಎನ್ನುವುದು.

ಲೈವ್ ಇದೆಯಾ ಎಂದು ತಿಳಿಯಲು ಬ್ಯಾಟರಿ ಹಾಕಿ ಮೂರು ಸಲ ನೋಡಿ. ಕೀ ಆಫ್ ಇದ್ದಾಗ, ಕೀ ಆನ್ ಮಾಡಿದಾಗ, ಆ ಸಾಮಾನಿನ ಸ್ವಿಚ್ ಒತ್ತಿದಾಗ. ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಎಂಜಿನ್ ಕಂಪ್ಯೂಟರಿನ ವೈರ್‌ಗಳಿಗೆ ಹಚ್ಚಬೇಡಿ. ಬಲ್ಬ್ ಎಳೆಯುವ ಕರೆಂಟನ್ನು ಆ ಸರ್ಕ್ಯೂಟ್ ತಾಳದೆ ಹೋಗಬಹುದು. ಅಲ್ಲಿ ಮೀಟರ್ ಮಾತ್ರ.

ಬೇಡ ಅನ್ನಿಸಿದರೂ ಬೇಕಾದವು

ಆಲ್ಟರ್ನೇಟರ್‌ನ ತೆಳು ವೈರಿನ ಕಥೆ ಆಗಲೇ ಹೇಳಿದೆ. ಹಾಗೆ ಮೋಸ ಮಾಡುವ ವೈರ್‌ಗಳು ಇನ್ನೂ ಇವೆ.

ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಎಂಬ ಸಣ್ಣ ಸ್ವಿಚ್‌ನಿಂದ ಕಿಡಿ ಹೊತ್ತಿಸುವ ಹಳೆಯ ಬಗೆ) ಇರುವ ಕಾರಿನಲ್ಲಿ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರ್ ಕೆಲವೊಮ್ಮೆ ಸಾಮಾನ್ಯ ವೈರ್ ಅಲ್ಲ, ರೆಸಿಸ್ಟೆನ್ಸ್ ವೈರ್. ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಹೋಗದ ಹಾಗೆ ತಡೆಯುವುದೇ ಅದರ ಕೆಲಸ. ಹಳೆಯದಾಗಿದೆ ಅಂತ ಮಾಮೂಲಿ ವೈರ್ ಹಾಕಿದರೆ ಪಾಯಿಂಟ್ ಸುಡುತ್ತದೆ, ಕಾಯಿಲ್ ಕಾಯುತ್ತದೆ. ಅಂಥ ಕಾರುಗಳಲ್ಲಿ ಸೆಲ್ಫ್ ಮೋಟರಿನ ಸೊಲೆನಾಯ್ಡ್ ಸ್ವಿಚ್‌ನಿಂದ ಕಾಯಿಲ್‌ಗೆ ಎರಡನೆಯ ವೈರ್ ಒಂದು ಬರುತ್ತದೆ. ಒಂದು ಇದೆಯಲ್ಲ, ಇನ್ನೊಂದು ಯಾಕೆ ಅನ್ನಿಸುತ್ತದೆ. ಸ್ಟಾರ್ಟ್ ಮಾಡುವ ಹೊತ್ತಿಗೆ ಮಾತ್ರ ಕಾಯಿಲ್‌ಗೆ ಪೂರ್ತಿ ವೋಲ್ಟೇಜ್ ಕೊಡಲು ಅದು ಬೇಕು.

ಬ್ಯಾಟರಿ ಹತ್ತಿರ ದಪ್ಪ ವೈರ್‌ಗಳ ನಡುವೆ ಗಿಡ್ಡಗಿನ ತೆಳ್ಳನೆಯ ತುಂಡು ಕಂಡರೆ ಅದು ಫ್ಯೂಸಿಬಲ್ ಲಿಂಕ್ ಇರಬಹುದು. ಶಾರ್ಟ್ ಆದಾಗ ತಾನು ಕರಗಿ ಇಡೀ ಜಡೆಯನ್ನು ಉಳಿಸುವ ವೈರ್ ಅದು. ಅದರ ಜಾಗಕ್ಕೆ ದಪ್ಪ ವೈರ್ ಹಾಕಿದರೆ ಮುಂದಿನ ಸಲ ಕರಗುವುದು ನಿಮ್ಮ ಜಡೆ.

ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಅರ್ತ್ ಪಟ್ಟಿಯನ್ನು ಕೊಳಕು ಅಂತ ತೆಗೆದವರಿದ್ದಾರೆ. ಅದಿಲ್ಲದಿದ್ದರೆ ಸೆಲ್ಫ್ ಮೋಟರಿನ ಕರೆಂಟ್ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್‌ಗಳಲ್ಲಿ ನುಗ್ಗಿ ಅವು ಕಾದು ಹೊಗೆ ಬರುವುದೂ ಉಂಟು. ಈ ಪಟ್ಟಿಯನ್ನು ಉಜ್ಜಿ, ಬೋಲ್ಟ್ ಜಾಗದ ತುಕ್ಕು ತೆಗೆದು ಮತ್ತೆ ಬಿಗಿಯಿರಿ, ಅಷ್ಟೇ.

ಸುತ್ತಲೂ ಜಾಲರಿ ಹೊದಿಸಿದ ವೈರ್ ಸಿಕ್ಕರೆ ಅದು ಹೆಚ್ಚಾಗಿ ಸೆನ್ಸರಿನದು. ಆ ಜಾಲರಿ ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಅರ್ತ್ ಆಗಿರುತ್ತದೆ, ಇನ್ನೊಂದು ತುದಿ ಖಾಲಿ. ತಪ್ಪಿಹೋಗಿದೆ ಅಂತ ಜೋಡಿಸಬೇಡಿ. ಎರಡು ವೈರ್ ಒಂದಕ್ಕೊಂದು ಹೊಸೆದುಕೊಂಡಿದ್ದರೆ ಆ ಹೊಸೆತವನ್ನೂ ಬಿಡಿಸಬೇಡಿ. ಜಾಲರಿ, ಹೊಸೆತ ಎರಡೂ ಇರುವುದು ಸಿಗ್ನಲ್‌ಗೆ ಗದ್ದಲ ಸೇರದಿರಲಿ ಅಂತ.

ಎ.ಸಿ. ತೆಗೆದ ಕಾರಿನಲ್ಲಿ ಜೋಪಾನ. ಕಂಪ್ರೆಸರ್ ಕ್ಲಚ್ಚಿನ ವೈರ್ ಬೇಡ, ಸರಿ. ಆದರೆ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನಿನ ರಿಲೇಯೂ ಅದೇ ಸರ್ಕ್ಯೂಟಿನಲ್ಲಿ ಸೇರಿಕೊಂಡಿರುತ್ತದೆ. ಫ್ಯಾನ್ ನಿಂತರೆ ಎಂಜಿನ್ ಕುದಿಯುತ್ತದೆ. ಇನ್ನು ಆಕ್ಸಿಜನ್ ಸೆನ್ಸರ್, ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ), ಪೆಟ್ರೋಲ್ ಆವಿಯ ಕ್ಯಾನಿಸ್ಟರ್ ಇವೆಲ್ಲ ಹೊಗೆ ಹತೋಟಿಯ ಭಾಗಗಳು. ಇವನ್ನು ತೆಗೆಯುವುದು ಬಹಳಷ್ಟು ಕಡೆ ಕಾನೂನಿಗೆ ವಿರುದ್ಧ, ಎಂಜಿನ್‌ಗೂ ಒಳ್ಳೆಯದಲ್ಲ. ಮುಟ್ಟಬೇಡಿ.

ತೆಗೆಯುವುದು

ಹೊರಗಿನವರು ಹಾಕಿದ್ದನ್ನು ಮೊದಲು ತೆಗೆಯಿರಿ. ಒಂದು ಸಲಕ್ಕೆ ಒಂದೇ ಸರ್ಕ್ಯೂಟ್. ತೆಗೆದಾದ ಮೇಲೆ ಕಾರು ಸ್ಟಾರ್ಟ್ ಮಾಡಿ, ಲೈಟ್, ಹಾರ್ನ್, ವೈಪರ್, ಫ್ಯಾನ್ ನೋಡಿ, ಆಮೇಲೆ ಮುಂದಿನದು. ನಿಧಾನ ಅನ್ನಿಸುತ್ತದೆ, ನಿಜ. ಆದರೆ ಐದು ಸರ್ಕ್ಯೂಟ್ ಒಟ್ಟಿಗೆ ತೆಗೆದು ಕಾರು ಸ್ಟಾರ್ಟ್ ಆಗದಿದ್ದರೆ ಐದರಲ್ಲಿ ಯಾವುದು ಅಂತ ಹುಡುಕುವುದು ಇನ್ನೂ ನಿಧಾನ.

ಅಲಾರಂ ತೆಗೆಯುವಾಗ ಒಂದು ವಿಷಯ. ಕಳ್ಳರು ಸ್ಟಾರ್ಟ್ ಮಾಡದಿರಲಿ ಎಂದು ಸೆಲ್ಫ್ ಅಥವಾ ಇಗ್ನಿಷನ್ ವೈರನ್ನು ಮಧ್ಯಕ್ಕೆ ಕತ್ತರಿಸಿ ಅಲಾರಂನ ರಿಲೇ ಕೂರಿಸಿರುತ್ತಾರೆ. ಅಲಾರಂ ಕಿತ್ತ ಮೇಲೆ ಆ ಎರಡು ತುದಿಗಳನ್ನು ಮತ್ತೆ ಒಂದು ಮಾಡಬೇಕು. ಇಲ್ಲದಿದ್ದರೆ ಕಾರು ಅಲುಗಾಡುವುದಿಲ್ಲ.

ವೈರಿನ ಮೇಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್ ಕನೆಕ್ಟರ್‌ಗಳು ಸಿಕ್ಕರೆ ಅವನ್ನು ತೆಗೆದಷ್ಟೇ ಸಾಲದು. ಅವುಗಳ ಬ್ಲೇಡ್ ವೈರಿನ ಸಿಪ್ಪೆ ಸೀಳಿರುತ್ತದೆ, ಕೆಲವು ಎಳೆಗಳನ್ನೂ ಕತ್ತರಿಸಿರುತ್ತದೆ. ಅಲ್ಲಿಂದ ನೀರಿಳಿದು ತಾಮ್ರ ಹಸಿರುಗಟ್ಟುತ್ತದೆ. ಹಸಿರು ಕಂಡರೆ ಆ ಭಾಗ ಕತ್ತರಿಸಿ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ, ಹೊಸ ವೈರ್ ಸೇರಿಸಿ.

ಕಾರ್ಖಾನೆಯ ಜಡೆಯಿಂದ ತೆಗೆಯುವ ವೈರನ್ನು ಕಪ್ಲರ್ ಬುಡದಲ್ಲಿ ಕತ್ತರಿಸಬೇಡಿ. ಕಪ್ಲರ್‌ನ ಲಾಕ್ ಬಿಡಿಸಿ, ಪಿನ್ ತೆಗೆಯುವ ಸಣ್ಣ ಟೂಲಿನಿಂದ ಒಳಗಿನ ನಾಲಿಗೆ ಒತ್ತಿದರೆ ಪಿನ್ ಸಮೇತ ವೈರ್ ಹೊರಬರುತ್ತದೆ. ನಾಳೆ ಬೇಕಾದರೆ ವಾಪಸ್ ಹಾಕಬಹುದು. ನೀರು ಒಳಗೆ ಹೋಗದಂಥ ಕಪ್ಲರ್ ಆದರೆ ಖಾಲಿಯಾದ ತೂತಿಗೆ ರಬ್ಬರ್ ಬಿರಡೆ ಹಾಕಿ. ತೆಗೆದ ವೈರ್‌ಗಳಿಗೆ ಹೆಸರು ಬರೆದು ಚೀಲದಲ್ಲಿಡಿ.

ಜೋಡಿಸುವುದು, ಸುತ್ತುವುದು

ವೈರ್ ಸೇರಿಸಲು ನನ್ನ ಮತ ಕ್ರಿಂಪ್‌ಗೆ, ಅಂದರೆ ಲೋಹದ ಸಣ್ಣ ಕೊಳವೆಯಲ್ಲಿ ವೈರ್ ಇಟ್ಟು ಒತ್ತಿ ಬಿಗಿಯುವುದಕ್ಕೆ. ಬೆಸುಗೆ ಹಾಕಿದರೆ ಸೀಸ ಎಳೆಗಳ ನಡುವೆ ಹರಿದು ಸಿಪ್ಪೆಯ ಒಳಗಿನವರೆಗೂ ಹೋಗುತ್ತದೆ. ಅಷ್ಟು ಭಾಗ ಕಡ್ಡಿಯಂತೆ ಗಟ್ಟಿಯಾಗಿ, ಎಂಜಿನ್ ನಡುಕಕ್ಕೆ ಅದರ ಅಂಚಿನಲ್ಲೇ ಮುರಿಯುತ್ತದೆ. ಸರಿಯಾದ ಅಳತೆಯ ಕ್ರಿಂಪ್, ಸರಿಯಾದ ಪ್ಲೈಯರ್, ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡುವುದು. ಮೇಲೆ ಒಳಗಡೆ ಗೋಂದಿರುವ ಹೀಟ್ ಶ್ರಿಂಕ್ ಸ್ಲೀವ್. ಪಕ್ಕಪಕ್ಕದ ವೈರ್‌ಗಳ ಜಾಯಿಂಟ್ ಒಂದೇ ಕಡೆ ಬರದ ಹಾಗೆ ಹಿಂದೆ ಮುಂದೆ ಮಾಡಿ, ಇಲ್ಲದಿದ್ದರೆ ಜಡೆ ಗಂಟು ಗಂಟಾಗುತ್ತದೆ.

ಸುತ್ತಲು ಬಟ್ಟೆಯ ಹಾರ್ನೆಸ್ ಟೇಪ್ ತನ್ನಿ. ಪಿವಿಸಿ ಟೇಪ್ ಬಿಸಿಗೆ ಅಂಟಂಟಾಗುತ್ತದೆ. ಜಡೆಯನ್ನು ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ ಒಯ್ಯಿರಿ, ಚೂಪಾದ ತಗಡಿನ ಅಂಚಿಗೆ ಸ್ಲೀವ್ ಹಾಕಿ, ಕ್ಯಾಬಿನ್ ಒಳಗೆ ಹೋಗುವ ತೂತಿನಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚು ಮುಚ್ಚುವ ಬಳೆ) ಇರಲಿ. ಬಾಡಿಯಿಂದ ಎಂಜಿನ್‌ಗೆ ದಾಟುವ ಜಾಗದಲ್ಲಿ ವೈರ್ ಬಿಗಿಯಾಗಿರಬಾರದು. ಎಂಜಿನ್ ರಬ್ಬರ್ ಮೌಂಟ್ ಮೇಲೆ ಓಲಾಡುತ್ತದೆ, ಅದಕ್ಕೆ ತಕ್ಕ ಸಡಿಲ ಬೇಕು.

ಮತ್ತೆ ಕರೆಂಟ್ ಕೊಡುವುದು

ಕೇಬಲನ್ನು ನೇರವಾಗಿ ಬ್ಯಾಟರಿಗೆ ಹಾಕಬೇಡಿ. ಬ್ಯಾಟರಿಯ ನೆಗೆಟಿವ್ ತುದಿ ಮತ್ತು ಬಿಚ್ಚಿದ ಕೇಬಲ್ ನಡುವೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಒಂದನ್ನು ಸೇರಿಸಿ. ಎಲ್ಲ ಸ್ವಿಚ್ ಆಫ್, ಬಾಗಿಲು ಮುಚ್ಚಿರಲಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ. ಬಲ್ಬ್ 2 ಆಂಪ್‌ಗಿಂತ ಕಡಿಮೆ ಕರೆಂಟ್ ಬಿಡುವುದರಿಂದ ಯಾವ ವೈರೂ ಸುಡುವುದಿಲ್ಲ. ಬಲ್ಬ್ ಉರಿಯದಿದ್ದರೆ, ಅಥವಾ ಒಮ್ಮೆ ಮಿನುಗಿ ಮಂಕಾದರೆ, ಕೇಬಲ್ ಹಾಕಬಹುದು. ಬಲ್ಬ್ ಇರುವಾಗ ಸೆಲ್ಫ್ ಹೊಡೆಯಬೇಡಿ.

ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. ಹೆಡ್‌ಲೈಟ್, ಬ್ಲೋವರ್ ಎರಡನ್ನೂ ಹಾಕಿ, ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಮೈಗೂ ನಡುವೆ ಅಳೆಯಿರಿ. 0.2 ವೋಲ್ಟ್ ದಾಟಿದರೆ ಅರ್ತ್ ಬೋಲ್ಟ್ ಮತ್ತೆ ಬಿಚ್ಚಿ ಉಜ್ಜಬೇಕು. ಕೊನೆಗೆ ಕಾರು ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು, ಮೀಟರನ್ನು 10 ಆಂಪ್‌ಗೆ ಇಟ್ಟು ನೆಗೆಟಿವ್ ಕೇಬಲ್ ನಡುವೆ ಸೇರಿಸಿ. 50 ಮಿಲಿಆಂಪ್ ಒಳಗಿದ್ದರೆ ಪರವಾಗಿಲ್ಲ. ಅರ್ಧ ಆಂಪ್ ಸುಮ್ನೆ ಸೋರುತ್ತಿದ್ದರೆ 45 ಆಂಪ್ ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಖಾಲಿ. ಆಗ ಒಂದೊಂದೇ ಫ್ಯೂಸ್ ಎಳೆಯುತ್ತಾ ಹೋಗಿ. ಯಾವುದನ್ನು ಎಳೆದಾಗ ಮೀಟರ್ ಇಳಿಯುತ್ತದೋ ಆ ಸರ್ಕ್ಯೂಟಿನಲ್ಲಿ ಇನ್ನೂ ಏನೋ ಉಳಿದಿದೆ.

ಒಂದು ವಾರ ಓಡಿಸಿದ ಮೇಲೆ ಮತ್ತೆ ಬಾನೆಟ್ ಎತ್ತಿ. ಹೊಸದಾಗಿ ಸುತ್ತಿದ ಜಡೆ ಎಲ್ಲಾದರೂ ಉಜ್ಜಿ ಹೊಳೆಯುತ್ತಿದೆಯಾ, ಕ್ಲಿಪ್ ಜಾರಿದೆಯಾ, ಅರ್ತ್ ಬೋಲ್ಟ್ ಸಡಿಲವಾಗಿದೆಯಾ ಎಂದು ಕೈಯಾಡಿಸಿ ನೋಡಿ. ನೀವು ತಿದ್ದಿದ ಡಯಾಗ್ರಂ ಮತ್ತು ತೆಗೆದ ವೈರ್‌ಗಳ ಪಟ್ಟಿಯ ಒಂದು ಪ್ರತಿಯನ್ನು ಗ್ಲೋವ್ ಬಾಕ್ಸ್‌ನಲ್ಲಿಡಿ, ಈ ಕಾರನ್ನು ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ.