ಕೀಮೋ ನಡುವೆ ಕೆಲಸ ಹೋಯಿತು, ವಿಮೆ ಹೋಗಲಿಲ್ಲ

ಬೆಳ್ಳಂದೂರಿನ ನಮ್ಮ ಕಂಪನಿ ನನ್ನನ್ನು ಕೈಬಿಟ್ಟಾಗ ಕೀಮೋ ಅರ್ಧವೂ ಮುಗಿದಿರಲಿಲ್ಲ. ಕೊನೆಯ ಕೆಲಸದ ದಿನಕ್ಕೆ ಗುಂಪು ವಿಮೆಯೂ ಮುಗಿಯುತ್ತಿತ್ತು. ಏಜೆಂಟರು, ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿಪಿಎ ಡೆಸ್ಕಿನವರು, ವಿಮಾ ಕ್ಷೇತ್ರದಲ್ಲೇ ಇರುವ ನನ್ನ ಷಡ್ಡಕ, ಎಲ್ಲರದೂ ಒಂದೇ ರಾಗ: "ಕ್ಯಾನ್ಸರ್ ಬಂದ ಮೇಲೆ ಪಾಲಿಸಿಯೇ? ಆಸೆ ಬಿಡಿ."

ಬೇರೆ ವಿಮಾ ಕಂಪನಿಗೆ ಪಾಲಿಸಿ ಪೋರ್ಟ್ ಮಾಡಲು, ಅಂದರೆ ವರ್ಗಾಯಿಸಲು ಹೋದರೆ ಬಯಾಪ್ಸಿ ವರದಿ ಕಂಡ ಕೂಡಲೇ ಅರ್ಜಿ ವಾಪಸ್. ರೋಗ ಮುಚ್ಚಿಟ್ಟು ಮಾಡಿಸೋಣ ಎಂದ ಮಧ್ಯವರ್ತಿಯೊಬ್ಬ. ಅಂಥ ಪಾಲಿಸಿ ಕ್ಲೇಮಿನ ದಿನ ಕೈಕೊಡುತ್ತದೆ. ಉಳಿದದ್ದು ಮೈಗ್ರೇಶನ್: ಗುಂಪಿನಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ. ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ನಿಯಮದಲ್ಲೇ ಇದೆ. ಹಳೆಯ ವಿಮಾ ಮೊತ್ತದ ಮಟ್ಟಿಗೆ ಕಾಯುವ ಅವಧಿಯ (ಮೊದಲೇ ಇರುವ ಕಾಯಿಲೆಗೆ ಕ್ಲೇಮು ಸಿಗುವ ಮುನ್ನ ಕಾಯಬೇಕಾದ ತಿಂಗಳುಗಳು) ಲೆಕ್ಕವೂ ಜೊತೆಗೆ ಬರುತ್ತದೆ. ಗುಂಪಿನಲ್ಲಿ ನಾನು 36 ತಿಂಗಳು ದಾಟಿದ್ದೆ. ಅದಕ್ಕೆ ಎಚ್‌ಆರ್‌ನಿಂದ ಪತ್ರ ಬರೆಸಿಕೊಂಡೆ. ಕೊನೆಯ ದಿನವನ್ನು ತಿಂಗಳ ಅಂತ್ಯಕ್ಕೆ ಹೇಗೆ ಸರಿಸಿಕೊಂಡೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಸಹಾಯ ಮಾಡಿದವರು ಇನ್ನೂ ಅಲ್ಲೇ ಇದ್ದಾರೆ.

ಇಮೇಲ್‌ಗಳಿಗೆ ಉತ್ತರವಿಲ್ಲ. ಶಾಖೆಗೇ ಹೋದೆ. "ಕೀಮೋ ನಡೆಯುತ್ತಿರುವವರಿಗೆ ಆಗುವುದಿಲ್ಲ ಸಾರ್" ಎಂದರು ಅಧಿಕಾರಿ. "ಅದನ್ನೇ ಕಾರಣ ಸಹಿತ ಬರೆದು ಸಹಿ ಹಾಕಿ ಕೊಡಿ" ಎಂದೆ. ಪೆನ್ನು ತೆಗೆದರು, ಕ್ಯಾಪ್ ಬಿಚ್ಚಿದರು, ಮತ್ತೆ ಮುಚ್ಚಿ ಒಳಗೆ ಹೋದರು. ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ (ವಿಮಾ ಕಂಪನಿಗಳ ಮೇಲಿನ ದೂರು ಇತ್ಯರ್ಥ ಮಾಡುವವರು) ಬರೆದಿಟ್ಟಿದ್ದ ದೂರಿನ ಕರಡು ಮೇಜಿನ ಮೇಲೆಯೇ ಇತ್ತು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಅಂದೇ ಅರ್ಜಿಗೆ ಸ್ವೀಕೃತಿ ಸಿಕ್ಕಿತು.

5 ಲಕ್ಷಕ್ಕೆ ಪ್ರೀಮಿಯಂ ಸುಮಾರು 42 ಸಾವಿರ. ಆಗಿನ್ನೂ ಶೇ 18 ಜಿಎಸ್‌ಟಿ ಇತ್ತು, ಏಳು ಸಾವಿರದ ಚಿಲ್ಲರೆ ಅದಕ್ಕೇ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಆ ತೆರಿಗೆ ಇಲ್ಲ, ನೀವು ಪುಣ್ಯವಂತರು.

ಈ ಹುಮ್ಮಸ್ಸಿನಲ್ಲಿ ಪೀಣ್ಯದ ಕಾರ್ಖಾನೆಯಲ್ಲಿದ್ದ ಭಾಮೈದನ ವಿಷಯಕ್ಕೂ ಕೈಹಾಕಿದೆ. ಅವನಿಗೆ ಕ್ಷಯ, ಸಂಬಳ 21 ಸಾವಿರದೊಳಗೆ, ಹಾಗಾಗಿ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ. ಕಾಯಿಲೆ ಭತ್ಯೆ ಪಡೆಯುತ್ತಿರುವವರನ್ನು ಆ ಅವಧಿಯಲ್ಲಿ ವಜಾ ಮಾಡುವಂತಿಲ್ಲ ಎನ್ನುತ್ತಿದ್ದ, ಆಗ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆಯ 73ನೇ ಕಲಮನ್ನು ಮುದ್ರಿಸಿ ಕಳುಹಿಸಿದೆ. ಮಾಲೀಕರು ಅವನಿಗೆ ಕೊಟ್ಟಿದ್ದ ವಜಾ ನೋಟಿಸ್ ಹಿಂಪಡೆದರು. ಷಡ್ಡಕ ಈಗ ತನ್ನ ಗ್ರಾಹಕರನ್ನೂ ನನ್ನ ಬಳಿ ಕಳುಹಿಸುತ್ತಾನೆ.

ಹೊಸ ಪಾಲಿಸಿಯಲ್ಲಿ ಮೊದಲ ಕೀಮೋ ನಗದುರಹಿತವಾಗಿಯೇ ಪಾಸಾಯಿತು. ಕೊಠಡಿ ಬಾಡಿಗೆಗೆ ಮಿತಿ ಇದ್ದುದರಿಂದ ಎಂಟೊಂಬತ್ತು ಸಾವಿರ ಕೈಯಿಂದ ಕಟ್ಟಿದೆ. ಮುಂದಿನ ಸಲ ಹಂಚಿಕೆಯ ಕೊಠಡಿ ತೆಗೆದುಕೊಂಡೆ, ಅದೂ ಉಳಿಯಿತು.