ವೃದ್ಧಾಶ್ರಮದಲ್ಲಿ ಮದ್ದು ಕೊಡುವ ಕ್ರಮ: ಪಟ್ಟಿಯಿಂದ ಸಿರಿಂಜ್‌ವರೆಗೆ

ಅಜ್ಜಿಯೊಬ್ಬರು ಮಂಗಳೂರಿನ ಅಥವಾ ಮಣಿಪಾಲದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಆಶ್ರಮಕ್ಕೆ ಮರಳಿದ ಸಂಜೆಯೇ ಅತ್ಯಂತ ಎಚ್ಚರ ಬೇಕಾದ ಹೊತ್ತು. ಕೈಯಲ್ಲಿ ಹೊಸ ಚೀಟಿ, ಹೊಸ ಮದ್ದಿನ ಚೀಲ. ಕಪಾಟಿನ ಡಬ್ಬಿಯಲ್ಲಿ ಹಳೆಯ ಮಾತ್ರೆಗಳು ಹಾಗೆಯೇ ಇರುತ್ತವೆ. ದುಬೈಯಲ್ಲಿರುವ ಮಗ ಫೋನಿನಲ್ಲಿ "ಹಿಂದಿನದ್ದನ್ನೂ ಕೊಡ್ತಾ ಇರಿ" ಅನ್ನುತ್ತಾರೆ. ರಾತ್ರಿ ಪಾಳಿಯವರು ಎರಡನ್ನೂ ಕೊಡುತ್ತಾರೆ.

ಒಂದು ಉದಾಹರಣೆ ನೋಡಿ. ಮೊದಲು ಬಿ.ಪಿ.ಗೆ ಅಮ್ಲಾಂಗ್ 5 ಇತ್ತು. ಆಸ್ಪತ್ರೆಯಲ್ಲಿ ಟೆಲ್ಮಾ ಎಎಂ ಬರೆದರು. ಟೆಲ್ಮಾ ಎಎಂನಲ್ಲಿ ಟೆಲ್ಮಿಸಾರ್ಟನ್ ಜೊತೆಗೆ ಅಮ್ಲೋಡಿಪಿನ್ ಸೇರಿಯೇ ಇದೆ. ಅಮ್ಲಾಂಗ್ ಅಂದರೂ ಅಮ್ಲೋಡಿಪಿನ್ನೇ. ಎರಡೂ ಹೋದರೆ ಕಾಲು ಊದುತ್ತದೆ, ಬಿ.ಪಿ. ಇಳಿಯುತ್ತದೆ, ನಡುರಾತ್ರಿ ಬಚ್ಚಲಿಗೆ ಎದ್ದವರು ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಸ್ಟ್ರಿಪ್‌ನ ಮೇಲೆ ಕಂಪೆನಿ ಇಟ್ಟ ಹೆಸರೂ ಇರುತ್ತದೆ, ಒಳಗಿನ ಮದ್ದಿನ ಹೆಸರೂ ಇರುತ್ತದೆ. ಓದಬೇಕಾದದ್ದು ಒಳಗಿನ ಮದ್ದಿನ ಹೆಸರನ್ನು.

ಹಾಗಾಗಿ ಮೊದಲ ಡೋಸ್ ಕೊಡುವುದಕ್ಕೂ ಮುಂಚೆ ಹಳೆಯ ಪಟ್ಟಿ, ಡಿಸ್ಚಾರ್ಜ್ ಚೀಟಿ, ಹಳೆಯ-ಹೊಸ ಸ್ಟ್ರಿಪ್‌ಗಳು ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ. ಹಳೆಯ ಪಟ್ಟಿಯ ಪ್ರತಿ ಸಾಲಿನ ಮುಂದೆ "ಮುಂದುವರಿದಿದೆ", "ನಿಂತಿದೆ", "ಪ್ರಮಾಣ ಬದಲು" ಇವುಗಳಲ್ಲಿ ಒಂದನ್ನು ಬರೆಯಿರಿ. ಹಳೆಯ ಮಾತ್ರೆಯ ಬಗ್ಗೆ ಹೊಸ ಚೀಟಿಯಲ್ಲಿ ಏನೂ ಇಲ್ಲದಿದ್ದರೆ ನೀವಾಗಿ ನಿರ್ಧರಿಸಬೇಡಿ. ಡಾಕ್ಟರಿಗೆ ಫೋನ್ ಮಾಡಿ, ಯಾರು ಹೇಳಿದರು, ಎಷ್ಟು ಗಂಟೆಗೆ ಎಂದು ಬರೆದಿಡಿ. ನಿಂತ ಮದ್ದು ಆ ರಾತ್ರಿಯೇ ಕಪಾಟಿನಿಂದ ಹೊರಗೆ ಹೋಗಬೇಕು. ಕಪಾಟಿನಲ್ಲಿ ಉಳಿದದ್ದು ಮುಂದಿನ ಪಾಳಿಯವರ ಕೈಗೆ ಸಿಕ್ಕೇ ಸಿಗುತ್ತದೆ.

ಒಬ್ಬರಿಗೆ ಒಂದೇ ಪಟ್ಟಿ

ಒಬ್ಬ ನಿವಾಸಿಗೆ ಒಂದೇ ಹಾಳೆ. ಮೇಲೆ ಇತ್ತೀಚಿನ ಫೋಟೊ, ಪೂರ್ತಿ ಹೆಸರು, ವಯಸ್ಸು, ತೂಕ, ಯಾವ ಮದ್ದು ಆಗಿಬರುವುದಿಲ್ಲ ಎಂಬುದು ಕೆಂಪು ಶಾಯಿಯಲ್ಲಿ. ಕಿಡ್ನಿಯ ಕ್ರಿಯೇಟಿನಿನ್ ಲೆಕ್ಕವೂ ಇರಲಿ. ಅದನ್ನು ನೋಡಿಯೇ ಎಷ್ಟೋ ಮದ್ದಿನ ಪ್ರಮಾಣ ಇಳಿಸುತ್ತಾರೆ. ಫೋಟೊ ಯಾಕೆಂದರೆ, ಮರೆವಿನ ಕಾಯಿಲೆ ಇರುವವರು ಯಾವ ಹೆಸರು ಹಿಡಿದು ಕರೆದರೂ "ಅಂದ್" (ತುಳುವಿನಲ್ಲಿ ಹೌದು) ಎಂದುಬಿಡುತ್ತಾರೆ. ಮನೆಯಲ್ಲಿ ಇಬ್ಬರು ಗಿರಿಜಮ್ಮ ಇದ್ದರೆ ಹೆಸರನ್ನು ನಂಬುವ ಹಾಗೇ ಇಲ್ಲ.

ಪ್ರತಿ ಮದ್ದಿಗೂ ಒಳಗಿನ ಮದ್ದಿನ ಹೆಸರು, ಕಂಪೆನಿ ಹೆಸರು, ಎಷ್ಟು ಮಿ.ಗ್ರಾಂ, ಎಷ್ಟು ಮಾತ್ರೆ, ಯಾವಾಗ, ಯಾವುದಕ್ಕೆ, ಎಷ್ಟು ದಿನ ಎಂದು ಬರೆಯಿರಿ. ಡಾಕ್ಟರ ಚೀಟಿಯ 1-0-1 ಅನ್ನು ಹಾಗೇ ಇಳಿಸಿಕೊಂಡರೆ ಸಾಲದು, "ಬೆಳಿಗ್ಗೆ 8, ತಿಂಡಿಯ ನಂತರ, ರಾತ್ರಿ 8, ಊಟದ ನಂತರ" ಎಂದು ಬಿಡಿಸಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮದ್ದು. ದಿನವೂ ಕೊಟ್ಟರೆ ಬಾಯಿ ಹುಣ್ಣಾಗಿ, ರಕ್ತದ ಕಣ ಕುಸಿದು ಜೀವಕ್ಕೇ ಅಪಾಯ. ಅದಕ್ಕೆ ವಾರದ ಹೆಸರನ್ನೇ ಬರೆಯಿರಿ, "ಸೋಮವಾರ ಮಾತ್ರ" ಎಂದು. ಸ್ಟ್ರಿಪ್ಪನ್ನು ದಿನದ ಡಬ್ಬಿಯಲ್ಲಿಡದೆ ಬೇರೆಯೇ ಬೀಗ ಹಾಕಿಡಿ.

ಕೊಡುವಾಗ ಪಟ್ಟಿಯನ್ನು ಮೂರು ಸಲ ನೋಡಿ: ಡಬ್ಬಿ ತೆಗೆಯುವಾಗ, ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸುವಾಗ, ಕೈಗೆ ಕೊಡುವ ಮೊದಲು. ನೆಟ್ಟಗೆ ಕೂರಿಸಿ, ನೀರು ಕೊಟ್ಟು, ನುಂಗಿದ್ದು ಕಂಡ ಮೇಲೆಯೇ ಸಹಿ. ಎಲ್ಲರ ಸಹಿ ಮೊದಲೇ ಹಾಕಿ ಆಮೇಲೆ ಟ್ರೇ ಹಿಡಿದು ಹೊರಟರೆ, ದಿಂಬಿನಡಿಯಲ್ಲಿ ಸಿಕ್ಕ ಮಾತ್ರೆ ಯಾವ ದಿನದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಬೇಡ ಎಂದವರಿಗೆ ಬಲವಂತ ಬೇಡ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ; ಆಗಲೂ ಬೇಡ ಎಂದರೆ ಹಾಗೆಂದು ಬರೆದು ಡಾಕ್ಟರಿಗೆ ತಿಳಿಸಿ. ತಪ್ಪಿಹೋದ ಡೋಸ್ ಸೇರಿಸಿ ಮುಂದಿನ ಸಲ ಎರಡು ಕೊಡಬೇಡಿ.

ಹೊತ್ತು ಮತ್ತು ಊಟ

ಥೈರಾಯ್ಡ್ ಮಾತ್ರೆ ಬೆಳಿಗ್ಗೆ 6ಕ್ಕೆ ಬರೀ ನೀರಿನಲ್ಲಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಅದರಿಂದ ನಾಲ್ಕು ಗಂಟೆ ದೂರ ಇರಲಿ, ಇಲ್ಲವಾದರೆ ಥೈರಾಯ್ಡ್ ಮದ್ದು ಮೈಗೆ ಹತ್ತುವುದಿಲ್ಲ. ಫ್ರುಸೆಮೈಡ್‌ನಂಥ ಮೂತ್ರ ಹೋಗಿಸುವ ಮಾತ್ರೆ ದಿನಕ್ಕೊಂದೇ ಆದರೆ ಬೆಳಿಗ್ಗೆಯೇ ಆಗಲಿ. ಎಲುಬಿಗೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಖಾಲಿ ಹೊಟ್ಟೆಗೆ ಒಂದು ಲೋಟ ನೀರಿನ ಜೊತೆ, ನಂತರ ಅರ್ಧ ಗಂಟೆ ಮಲಗಿಸಬಾರದು. ಮಲಗಿದರೆ ಅನ್ನನಾಳ ಸುಡುತ್ತದೆ. ರಕ್ತ ತೆಳುವಾಗಿಸುವ ಅಸಿಟ್ರಾಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಬಸಳೆ, ಹರಿವೆ ಪೂರ್ತಿ ನಿಲ್ಲಿಸಬೇಕಾಗಿಲ್ಲ. ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಲಿ. ಸೊಪ್ಪು ಒಮ್ಮೆಲೇ ಹೆಚ್ಚಾದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಲೆಕ್ಕ) ಇಳಿಯುತ್ತದೆ, ಒಮ್ಮೆಲೇ ನಿಂತರೆ ಏರುತ್ತದೆ.

ನುಂಗಲು ಕಷ್ಟವಾದರೆ ಮಾತ್ರೆ ಪುಡಿ ಮಾಡುವ ಅಭ್ಯಾಸ ಎಲ್ಲ ಕಡೆಯೂ ಇದೆ. ಹೆಸರಿನ ಹಿಂದೆ ಎಸ್‌ಆರ್, ಎಕ್ಸ್‌ಆರ್, ಸಿಆರ್, ಇಆರ್ ಎಂದಿದ್ದರೆ ಪುಡಿ ಮಾಡಲೇಬೇಡಿ. ಇಡೀ ದಿನಕ್ಕೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಮದ್ದು ಒಂದೇ ಸಲಕ್ಕೆ ರಕ್ತಕ್ಕೆ ಇಳಿಯುತ್ತದೆ. ಸಿರಪ್ ರೂಪ ಇದೆಯೇ ಎಂದು ಡಾಕ್ಟರಲ್ಲಿ ಕೇಳಿ. ಪುಡಿ ಮಾಡಬಹುದೆಂದು ಅವರು ಹೇಳಿದ ಮಾತ್ರೆಯನ್ನೂ ಬಟ್ಟಲು ಗಂಜಿಗೆ ಕದಡಬೇಡಿ. ಅರ್ಧ ಗಂಜಿ ಬಿಟ್ಟರೆ ಅರ್ಧ ಮದ್ದೂ ಹೋಯಿತು. ಒಂದು ಚಮಚ ಗಂಜಿಯಲ್ಲಿ ಕೊಟ್ಟು ಮುಗಿಸಿ.

ಇನ್ಸುಲಿನ್

ಇನ್ಸುಲಿನ್ ಹೆಚ್ಚಾದ ತಪ್ಪು ಕೆಲವೇ ಗಂಟೆಗಳಲ್ಲಿ ಕಾಣುತ್ತದೆ. ನಮ್ಮ ಮೆಡಿಕಲ್‌ಗಳಲ್ಲಿ ಸಿಗುವ ಬಾಟಲಿಗಳಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುವುದೂ ಇದೆ, 100 ಯೂನಿಟ್ ಇರುವುದೂ ಇದೆ. ಸಿರಿಂಜ್ ಕೂಡ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಅದಲುಬದಲಾಗಿ 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಹಾಕಿದರೆ 20ರ ಬದಲು ಬರೀ 8. ಆಗ ಶುಗರ್ ಇಳಿಯದೆ, ಡಾಕ್ಟರು ಡೋಸ್ ಏರಿಸುತ್ತಾರೆ. ಮುಂದೊಂದು ದಿನ ಸರಿಯಾದ ಸಿರಿಂಜ್ ಬಂದಾಗ ಅನಾಹುತ. ಆಶ್ರಮದಲ್ಲಿ ಸಾಧ್ಯವಾದರೆ ಒಂದೇ ಬಗೆಯ ಬಾಟಲಿ, ಒಂದೇ ಬಗೆಯ ಸಿರಿಂಜ್ ಇಟ್ಟುಕೊಳ್ಳಿ. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಳೆಯುವುದು ಬೇಡವೇ ಬೇಡ.

30/70ರ ಮಿಶ್ರಣ ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹಾಲಿನಂತೆ ಒಂದೇ ಸಮ ಆಗಬೇಕು. ಮಾನವ ಇನ್ಸುಲಿನ್‌ನ ಈ ಮಿಶ್ರಣ ಊಟಕ್ಕೆ ಅರ್ಧ ಗಂಟೆ ಮೊದಲು. ಆದರೆ ಅಡುಗೆಮನೆಯಲ್ಲಿ ಊಟ ಸಿದ್ಧವಾಗಿದೆ, ಅಜ್ಜ ಉಣ್ಣುವ ಸ್ಥಿತಿಯಲ್ಲಿದ್ದಾರೆ ಎಂದು ನೋಡಿಕೊಂಡೇ ಚುಚ್ಚಿ. ಏಕಾದಶಿ, ರಂಜಾನ್ ಉಪವಾಸ ಹಿಡಿಯುವವರಿದ್ದರೆ ಹಿಂದಿನ ವಾರವೇ ಡಾಕ್ಟರನ್ನು ಕೇಳಿ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯವರಿಗೂ ಇದೇ ಮಾತು.

ಬೆವರು, ನಡುಕ, ಅಸಂಬದ್ಧ ಮಾತು, ಎಂದೂ ಇಲ್ಲದ ಮೌನ ಕಂಡರೆ ತಕ್ಷಣ ಶುಗರ್ ನೋಡಿ. ಎದೆಬಡಿತ ಇಳಿಸುವ ಮೆಟೊಪ್ರೊಲಾಲ್‌ನಂಥ ಮದ್ದು ಇರುವವರಲ್ಲಿ ಎದೆಬಡಿತ ಏರದೆಯೂ ಶುಗರ್ ಬಿದ್ದಿರಬಹುದು. 70ಕ್ಕಿಂತ ಕಡಿಮೆ ಇದ್ದು ಎಚ್ಚರ ಇದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಸುರಿಯಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಮಳೆಗಾಲ, ಆಟಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಥಂಡಿಗೆ ಬಿಚ್ಚಿಟ್ಟ ಮಾತ್ರೆ ಮೆತ್ತಗಾಗುತ್ತದೆ. ತಿಂಗಳಿನದ್ದನ್ನೆಲ್ಲ ಒಟ್ಟಿಗೆ ಬಿಡಿಸಿ ಡಬ್ಬಿಗೆ ತುಂಬಬೇಡಿ, ವಾರದ್ದಷ್ಟೇ ಸಾಕು. ಆಸ್ಪಿರಿನ್ ಹುಳಿ ವಾಸನೆ ಬಂದರೆ ಎಸೆಯಿರಿ. ಸ್ಟ್ರಿಪ್ಪನ್ನು ಅವಧಿಯ ದಿನಾಂಕ ಇರುವ ತುದಿಯ ಎದುರು ಕಡೆಯಿಂದ ಬಳಸುತ್ತಾ ಬನ್ನಿ, ಕೊನೆಯ ಮಾತ್ರೆಯ ತನಕ ದಿನಾಂಕ ಉಳಿಯುತ್ತದೆ. ಬಿಚ್ಚದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್‌ನ ನಡುವಿನ ಹಲಗೆಯಲ್ಲಿ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಬೇಡಿ. ಬಿಚ್ಚಿದ ಬಾಟಲಿಯ ಮೇಲೆ ತಾರೀಖು ಬರೆಯಿರಿ. ಸಾಮಾನ್ಯವಾಗಿ 28 ದಿನ.

ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ತೊಗಟೆಯ ಕಷಾಯವನ್ನು ಹಿರಿಯರು ಕೇಳಿಯೇ ಕೇಳುತ್ತಾರೆ, ಅದು ಅವರ ಮನೆಯ ನೆನಪು. ಕಿಡ್ನಿ, ಲಿವರ್ ತೊಂದರೆಯವರಿಗೆ, ಹಲವು ಮದ್ದು ತೆಗೆದುಕೊಳ್ಳುವವರಿಗೆ ಡಾಕ್ಟರು ಒಪ್ಪದೆ ಕೊಡಬೇಡಿ. ತೊಗಟೆಯನ್ನು ಮರ ಗೊತ್ತಿರುವವರೇ ತರಬೇಕು. ಕತ್ತಲಲ್ಲಿ ಕಾಸರಕದ ತೊಗಟೆ ಕೆತ್ತಿ ತಂದರೆ ಅದು ವಿಷ. ಅರಿಷ್ಟ, ಲೇಹ್ಯ, ಮಗಳು ತಂದುಕೊಟ್ಟ ನೋವಿನ ಮಾತ್ರೆ, ಇವೂ ಪಟ್ಟಿಗೆ ಸೇರಲಿ. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬಿ.ಪಿ. ಮದ್ದು, ಮೂತ್ರದ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು.

ಪಟ್ಟಿಯ ಒಂದು ಜೆರಾಕ್ಸ್ ಪ್ರತಿ ಕೋಣೆಯ ಬಾಗಿಲ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ತೂಗಿಸಿಡಿ. ನಡುರಾತ್ರಿ ಆಂಬುಲೆನ್ಸ್ ಬಂದಾಗ ಅದರ ಮೇಲೆ ಕೊನೆಯ ಇನ್ಸುಲಿನ್, ಕೊನೆಯ ಅಸಿಟ್ರಾಮ್ ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಪೆನ್ನಿನಲ್ಲಿ ಬರೆದು ರೋಗಿಯ ಜೊತೆ ಕಳುಹಿಸಿ.